ಹಳೆ ಕನ್ಸೋಲಿನ ಹಂಗು

ಗೋಕಾಕ ತಾಲೂಕಿನ ಧುಪದಾಳದಲ್ಲಿ ಘಟಪ್ರಭೆಗೆ ಅಡ್ಡಲಾಗಿ ಬ್ರಿಟಿಷರ ಕಾಲದ ಒಡ್ಡಿದೆ. ಅದು ನದಿಯ ನೀರನ್ನು ಕಾಲುವೆಗೆ ತಿರುಗಿಸಬಲ್ಲದು. ಮಳೆಗಾಲದ ಹೊಳೆಯನ್ನು ಬೇಸಿಗೆಗೆಂದು ಕೂಡಿಡಲಾರದು. ಆ ಕೆಲಸಕ್ಕೆ ಮೇಲ್ಭಾಗದ ಹಿಡಕಲ್‌ನಲ್ಲಿ ಸುಮಾರು 51 ಟಿಎಂಸಿ ಅಡಿ ನೀರು ಹಿಡಿಯುವ ಜಲಾಶಯ ಕಟ್ಟಿದರು. ಎಡದಂಡೆ ಕಾಲುವೆ ಇಂದಿಗೂ ಹೊರಡುವುದು ಧುಪದಾಳದಿಂದಲೇ. ಹಳೆಯದನ್ನು ಒಡೆಯಲಿಲ್ಲ, ಅದರ ಕೈಲಾಗದ ಹೊರೆಯನ್ನು ಅದರ ಮೇಲೆ ಹೇರಲೂ ಇಲ್ಲ. ಹಳೆ ಕನ್ಸೋಲ್‌ಗಳಿಗೆ ಎಷ್ಟು ವರ್ಷ ಗೇಮ್ ತಯಾರಿಸುತ್ತಿರಬೇಕು ಎಂಬ ವಾದದಲ್ಲಿ ಈ ಹೊರೆಯ ಲೆಕ್ಕವೇ ತಪ್ಪಿಹೋಗುತ್ತದೆ.

ಚಿತ್ರದ ಹೊರೆ ಇಳಿಸುವುದು ಕಷ್ಟವಲ್ಲ. 4ಕೆ ಬದಲು 1080ಪಿ, ಸೆಕೆಂಡಿಗೆ 60ರ ಬದಲು 30 ಫ್ರೇಮ್, ಒಂದಿಷ್ಟು ಒರಟು ನೆರಳು. ಆಟ ಅದೇ ಆಗಿ ಉಳಿಯುತ್ತದೆ. 2022ರ ‘ಗಾಡ್ ಆಫ್ ವಾರ್ ರಾಗ್ನರಾಕ್’ ಸೋನಿಯ ಪ್ಲೇಸ್ಟೇಷನ್ (ಪಿಎಸ್) 4 ಮತ್ತು 5 ಎರಡಕ್ಕೂ ಬಂತು. ಎರಡರ ಪ್ರೊಸೆಸರ್‌ಗಳೂ ಒಂದೇ ಎಕ್ಸ್86 ಮನೆತನದವು ಎಂಬುದೂ ನೆರವಾಯಿತು.

ತೊಡಕಿರುವುದು ಸಂಗ್ರಹದಲ್ಲಿ. ಪಿಎಸ್4ರಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇದೆ. ಬೇರೆ ಬೇರೆ ಕಡೆ ಇರುವ ಮಾಹಿತಿಯನ್ನು ಓದಲು ಅದರ ಹೆಡ್ ಪ್ರತಿ ಸಲವೂ ಸರಿದಾಡಬೇಕು. ಈ ಓಡಾಟ ತಪ್ಪಿಸಲು ಬೀದಿಯ ಅಂಚೆಪೆಟ್ಟಿಗೆಯಂಥ ಪುಟ್ಟ ವಸ್ತುವನ್ನೂ ಡಿಸ್ಕಿನಲ್ಲಿ ನೂರಾರು ಸಲ ನಕಲು ಮಾಡಿ ಇಡುತ್ತಿದ್ದರೆಂದು ಪಿಎಸ್5ರ ವಾಸ್ತುಶಿಲ್ಪಿ ಮಾರ್ಕ್ ಸರ್ನಿ 2020ರಲ್ಲಿ ವಿವರಿಸಿದ್ದರು. ಪಿಎಸ್5ರ ಎಸ್‌ಎಸ್‌ಡಿಗೆ ಸರಿದಾಡುವ ಹೆಡ್ಡೇ ಇಲ್ಲ, ಸೆಕೆಂಡಿಗೆ 5.5 ಜಿಬಿ ಓದುತ್ತದೆ. ಆದರೆ ಗೇಮ್ ಎರಡರಲ್ಲೂ ಓಡಬೇಕೆಂದರೆ ಊರಿನ ನಕ್ಷೆ, ನಾಯಕನ ಓಟದ ವೇಗ ಎಲ್ಲವೂ ನಿಧಾನದ ಡಿಸ್ಕಿಗೆ ತಕ್ಕಂತೆಯೇ ಆಗಬೇಕು. ಗೇಮ್‌ಗಳಲ್ಲಿ ಅಷ್ಟೊಂದು ಲಿಫ್ಟು, ಇಕ್ಕಟ್ಟಾದ ಓಣಿಗಳು ಏಕೆ ಎಂದುಕೊಂಡವರಿಗೆ ಉತ್ತರದ ಒಂದು ಪಾಲು ಇಲ್ಲಿದೆ: ಅಲ್ಲಿ ನಾವು ಸಾಗುವಷ್ಟರಲ್ಲಿ ಮುಂದಿನ ದೃಶ್ಯ ಮೆಮೊರಿಗೆ ಬರುತ್ತಿರುತ್ತದೆ.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದನ್ನು 2020ರ ಡಿಸೆಂಬರಿನ ‘ಸೈಬರ್‌ಪಂಕ್ 2077’ ತೋರಿಸಿತು. ಪಿಎಸ್4ರಲ್ಲಿ ಅದು ಎಷ್ಟು ಮುಗ್ಗರಿಸಿತೆಂದರೆ, ಬಿಡುಗಡೆಯಾಗಿ ಎರಡು ವಾರ ಕಳೆಯುವ ಮೊದಲೇ ಸೋನಿ ತನ್ನ ಆನ್‌ಲೈನ್ ಅಂಗಡಿಯಿಂದ ಅದನ್ನು ಕಿತ್ತುಹಾಕಿತು. ಮಾರಾಟಕ್ಕೆ ಮರಳಲು ಆರು ತಿಂಗಳೇ ಬೇಕಾಯಿತು. 2023ರಲ್ಲಿ ಅದರ ವಿಸ್ತರಣೆ ‘ಫ್ಯಾಂಟಮ್ ಲಿಬರ್ಟಿ’ ಬಂದಾಗ ತಯಾರಕರು ಪಿಎಸ್4 ಅನ್ನು ಕೈಬಿಟ್ಟರು.

ಹಾಗಂತ ಹಳೆ ಯಂತ್ರವನ್ನು ಬಿಟ್ಟುಬಿಡಿ ಎನ್ನಲು ಮನಸ್ಸು ಬಾರದು. 2021ರ ಫೆಬ್ರುವರಿಯಲ್ಲಿ ಪಿಎಸ್5 ಭಾರತಕ್ಕೆ ಬಂದಾಗ ಅದರ ಬೆಲೆ 49,990 ರೂಪಾಯಿ. ಮನೆಯಲ್ಲಿರುವ ಹಳೆಯದನ್ನೇ ಆಡಿಸುವುದು ಇಲ್ಲಿ ಜಿಪುಣತನವಲ್ಲ. ನನಗೆ ಹಿಡಿಸುವುದು ಹೈದರಾಬಾದಿನ ದಾರಿ. ಅಲ್ಲಿನ ಅರೋನಾ ಕಂಪನಿ ‘ಹನುಮಾನ್: ಬಾಯ್ ವಾರಿಯರ್’ ತಂದದ್ದು 2009ರಲ್ಲಿ, ಅದೂ ಒಂಬತ್ತು ವರ್ಷ ಹಳೆಯ ಪಿಎಸ್2ಕ್ಕೆ. ಪಿಎಸ್3 ಆಗಲೇ ಮಾರುಕಟ್ಟೆಯಲ್ಲಿತ್ತು. ದೊಡ್ಡ ಆಟವೊಂದನ್ನು ಹಿಂಡಿ ತುರುಕಿದ್ದಲ್ಲ ಅದು. ಪಿಎಸ್2ರ 32 ಎಂಬಿ ಮೆಮೊರಿಗೆಂದೇ ಹೊಲಿದದ್ದು. 2013ರಲ್ಲಿ ಅದೇ ಊರಿನ ಗೇಮ್‌ಶಾಸ್ತ್ರ ಪಿಎಸ್2ಕ್ಕೆ ‘ಡಾನ್ 2’ ತರುವ ಹೊತ್ತಿಗೆ ಆ ಕನ್ಸೋಲಿನ ತಯಾರಿಕೆಯೇ ನಿಂತಿತ್ತು. ಕಾರ್ಖಾನೆ ಮುಚ್ಚಿದ್ದರೇನು, ಆಡುವ ಮನೆಗಳಿನ್ನೂ ಇದ್ದವು.