ವಿಸ್ತೃತ ತರಂಗ ಸಂದೇಶದಲ್ಲಿ ಕಾಲದ ಹೊಂದಾಣಿಕೆ

ನಿಸ್ತಂತು ಸಂದೇಶವನ್ನು ಕಿರಿದಾದ ಒಂದೇ ತರಂಗಪಟ್ಟಿಯಲ್ಲಿ ಕಳುಹಿಸದೆ, ಪೂರ್ವನಿಶ್ಚಿತವಾದ ಕ್ರಮವೊಂದನ್ನು ಅನುಸರಿಸಿ ವಿಶಾಲವಾದ ಪಟ್ಟಿಯಲ್ಲಿ ಹರಡಿ ಕಳುಹಿಸುವ ಪದ್ಧತಿಗೆ ಸ್ಪ್ರೆಡ್ ಸ್ಪೆಕ್ಟ್ರಮ್ ಎಂದು ಹೆಸರು. ನಾವು ಇದನ್ನು ‘ವಿಸ್ತೃತ ತರಂಗ ಪದ್ಧತಿ’ ಎಂದು ಕರೆಯೋಣ. ಅಡಚಣೆಗಳನ್ನು ತಾಳಿಕೊಳ್ಳುವುದು ಇದರ ಗುಣ. ಆದರೆ ಕಳುಹಿಸುವ ಯಂತ್ರವೂ ಪಡೆಯುವ ಯಂತ್ರವೂ ಒಂದೇ ಕಾಲಕ್ಕೆ ಹೆಜ್ಜೆಯಿಡದಿದ್ದರೆ ಸಂದೇಶವು ಬರಿಯ ಗದ್ದಲವಾಗಿ ಉಳಿಯುವುದು.

1942ರಲ್ಲಿ ಅಮೆರಿಕೆಯ ಚಿತ್ರನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ ಪಡೆದ ಪೇಟೆಂಟಿನಲ್ಲಿಯೇ ಈ ತೊಡಕು ಕಾಣುತ್ತದೆ. ಹಡಗಿನಲ್ಲಿಯೂ ಟಾರ್ಪಿಡೊದಲ್ಲಿಯೂ ರಂಧ್ರ ಕೊರೆದ ಒಂದೇ ಬಗೆಯ ಕಾಗದದ ಸುರುಳಿ. ಎರಡೂ ಒಟ್ಟಿಗೆ ಉರುಳಿದರೆ ಮಾತ್ರ ಎರಡೂ ಕಡೆ ಒಂದೇ ಕಂಪನಾಂಕಕ್ಕೆ ಜಿಗಿತ.

ಇಂದು ಫೋನಿಗೆ ಸ್ಥಾನವನ್ನು ತಿಳಿಸುವ ಜಿ.ಪಿ.ಎಸ್. ಉಪಗ್ರಹಗಳನ್ನು ನೋಡೋಣ. ಸುಮಾರು 20,200 ಕಿಲೋಮೀಟರು ಎತ್ತರದಿಂದ ಬರುವ ಅವುಗಳ ಸಂಕೇತವು ನೆಲ ಮುಟ್ಟುವಾಗ ಗ್ರಾಹಕಯಂತ್ರದ ಗದ್ದಲಕ್ಕಿಂತಲೂ ಹತ್ತಾರು ಪಟ್ಟು ಕ್ಷೀಣ. ಅದರಲ್ಲಿ 1,023 ಧನ-ಋಣ ಅಕ್ಷರಗಳ ಸರಣಿಯು ಸೆಕೆಂಡಿನ ಸಾವಿರದ ಒಂದು ಭಾಗಕ್ಕೊಮ್ಮೆ ಒಂದು ಸುತ್ತು ಮುಗಿಸುತ್ತದೆ. ಗ್ರಾಹಕವು ಅದೇ ಸರಣಿಯನ್ನು ತಾನೂ ಹುಟ್ಟಿಸಿ ತಾಳೆ ನೋಡಬೇಕು.

ತಾಳೆ ನೋಡುವುದೆಂದರೇನು? ರಟ್ಟಿನಿಂದ ದೊಡ್ಡದೊಂದು, ಚಿಕ್ಕದೊಂದು ದುಂಡು ಬಿಲ್ಲೆ ಕತ್ತರಿಸಿ, ಎರಡರ ಅಂಚಿನಲ್ಲಿಯೂ ಸಮದೂರದಲ್ಲಿ + + + − − + − ಎಂದು ಬರೆದು, ಒಂದರ ಮೇಲೊಂದಿಟ್ಟು ತಿರುಗಿಸಿರಿ. ಒಂದು ಸ್ಥಾನದಲ್ಲಿ ಏಳಕ್ಕೆ ಏಳೂ ಹೊಂದುವುವು; ಉಳಿದ ಆರು ಸ್ಥಾನಗಳಲ್ಲಿ ಮೂರು ಹೊಂದಿ ನಾಲ್ಕು ವಿರೋಧಿಸುವುವು. ಹೊಂದಿದವುಗಳಿಂದ ಹೊಂದದವುಗಳನ್ನು ಕಳೆದರೆ ಒಂದೆಡೆ 7, ಮಿಕ್ಕೆಡೆಗಳಲ್ಲಿ −1. ಈ ಶಿಖರವೇ ಗದ್ದಲದೊಳಗಿನಿಂದ ಸಂಕೇತವನ್ನು ಮೇಲೆತ್ತುವುದು.

ಮೊದಲ ಹಂತ ಹುಡುಕುವುದು. ಅರ್ಧ ಅಕ್ಷರದಂತೆ ಸರಿಸುತ್ತ ಹೋದರೆ 2,046 ಸ್ಥಾನಗಳು. ಉಪಗ್ರಹದ ಓಟದಿಂದ ಕಂಪನಾಂಕವೂ ಡಾಪ್ಲರ್ ಪರಿಣಾಮದಂತೆ ಮೇಲಕ್ಕೋ ಕೆಳಕ್ಕೋ ಸುಮಾರು 5,000 ಹರ್ಟ್ಸ್‌ವರೆಗೆ ಜರುಗಿರುತ್ತದೆ. 500 ಹರ್ಟ್ಸ್‌ಗೊಂದರಂತೆ ಎಣಿಸಿದರೆ 21 ಮೆಟ್ಟಿಲು. ಒಟ್ಟು 42,966 ಪರೀಕ್ಷೆಗಳು. ಒಂದೊಂದಕ್ಕೆ ಒಂದೇ ಸುತ್ತು ಕಾದರೂ ಸುಮಾರು 43 ಸೆಕೆಂಡು. ಅದೂ ಒಂದು ಉಪಗ್ರಹಕ್ಕೆ. ಇಂದಿನ ಗ್ರಾಹಕಗಳು ಅನೇಕ ಪರೀಕ್ಷೆಗಳನ್ನು ಏಕಕಾಲದಲ್ಲಿ ನಡೆಸುವುದರಿಂದ ಕೆಲಸ ಬೇಗ ಮುಗಿಯುತ್ತದೆ.

ಎರಡನೆಯ ಹಂತ ಹಿಡಿದುದನ್ನು ಬಿಡದಿರುವುದು. ಗ್ರಾಹಕವು ಸರಣಿಯ ಮೂರು ಪ್ರತಿಗಳನ್ನು ಓಡಿಸುತ್ತದೆ: ತುಸು ಮುಂಚಿನದು, ನಡುವಿನದು, ತುಸು ತಡವಾದುದು. ಮುಂಚಿನದೂ ತಡವಾದುದೂ ಸಮನಾಗಿ ಹೊಂದಿದರೆ ನಡುವಿನದು ಸರಿ; ಒಂದು ಹೆಚ್ಚು ಹೊಂದಿದರೆ ಅದರ ಕಡೆಗೆ ತಿದ್ದಿಕೊಳ್ಳುವುದು. ಭಜನೆಗೆ ತಡವಾಗಿ ಬಂದವನು ಮೊದಲು ತಾಳದ ಎತ್ತುಗಡೆಯನ್ನು ಕಂಡುಕೊಂಡು, ಬಳಿಕ ಹಾಡು ಮುಗಿಯುವವರೆಗೆ ಕೈ ತಪ್ಪದಂತೆ ನೋಡಿಕೊಳ್ಳುವುದೂ ಇದೇ ಬಗೆ.

ಒಂದಕ್ಷರ ತಪ್ಪಿದರೆ ನಷ್ಟವೇನು? ಅಷ್ಟು ಕಾಲದಲ್ಲಿ ರೇಡಿಯೋ ತರಂಗವು 293 ಮೀಟರು ಸಾಗಿರುತ್ತದೆ. ದೂರದ ಎಣಿಕೆಯೂ ಅಷ್ಟೇ ಕೆಡುವುದು. ಉಪಗ್ರಹದ ಗಡಿಯಾರವೂ ನೆಚ್ಚುವಂತಿರಬೇಕು. ನಮ್ಮ ದೇಶದ್ದೇ ಆದ ಸ್ಥಾನನಿರ್ಣಯ ವ್ಯವಸ್ಥೆಗಾಗಿ ಇಸ್ರೋ 2013ರಲ್ಲಿ ಹಾರಿಸಿದ ಐ.ಆರ್.ಎನ್.ಎಸ್.ಎಸ್.-1ಎ ಉಪಗ್ರಹದ ಮೂರು ಪರಮಾಣು ಗಡಿಯಾರಗಳೂ ಕೆಟ್ಟಮೇಲೆ ಅದು ಸ್ಥಾನನಿರ್ಣಯಕ್ಕೆ ಒದಗದಾಯಿತು.

ಗಡಿನಾಡಿನ ನಮ್ಮ ಶಾಲೆಗಳಲ್ಲಿ ಎಂಟನೆಯ ತರಗತಿಯ ಮಕ್ಕಳಿಗೂ ಆ ಎರಡು ರಟ್ಟಿನ ಬಿಲ್ಲೆಗಳಿಂದ ಇದರ ತಿರುಳನ್ನು ಕನ್ನಡದಲ್ಲಿಯೇ ತಿಳಿಸಬಹುದು. ಉಪಾಧ್ಯಾಯ ಬಂಧುಗಳು ಮಾಡಿ ನೋಡಬೇಕೆಂದು ನಮ್ಮ ಕೋರಿಕೆ.