ಮೈಸೂರಿಗೆ ಹೊರಟ ಭೂಪತಿ, ಬಾಗಿಲಲ್ಲೇ ನಿಂತ ಸಿನಿಮಾ

ರವೀಂದ್ರನಾಥ ಠಾಕೂರರ ‘ನಷ್ಟನೀಡ್’ ಕಥೆಯ ಕೊನೆಯಲ್ಲಿ ನಮ್ಮ ಮೈಸೂರಿನ ಹೆಸರು ಬರುತ್ತದೆ. 1901ರಲ್ಲಿ ‘ಭಾರತಿ’ ಪತ್ರಿಕೆಯಲ್ಲಿ ಪ್ರಕಟವಾದ ನೀಳ್ಗತೆ ಅದು. ಕಲ್ಕತ್ತೆಯ ಸಿರಿವಂತ ಭೂಪತಿ ತಾನು ನಡೆಸುತ್ತಿದ್ದ ಇಂಗ್ಲಿಷ್ ಪತ್ರಿಕೆಯನ್ನು ಕಳೆದುಕೊಂಡಿದ್ದಾನೆ. ಹೆಂಡತಿ ಚಾರುವಿನ ಮನಸ್ಸು ತನ್ನ ಸೋದರತ್ತೆಯ ಮಗ ಅಮಲನ ಕಡೆಗಿದೆ ಎಂಬುದೂ ತಡವಾಗಿ ತಿಳಿದಿದೆ. ಮನೆ ಬಿಟ್ಟು ಮೈಸೂರಿನ ಪತ್ರಿಕೆಯೊಂದಕ್ಕೆ ಸಂಪಾದಕನಾಗಿ ಹೊರಡಲು ಅವನು ಸಿದ್ಧನಾಗುತ್ತಾನೆ. ನನ್ನನ್ನೂ ಕರೆದುಕೊಂಡು ಹೋಗಿ ಎಂದು ಚಾರು ಬೇಡುತ್ತಾಳೆ, ಭೂಪತಿ ಹಿಂಜರಿಯುತ್ತಾನೆ. ಆಮೇಲೆ ಮನಸ್ಸು ಕರಗಿ ಅವನೇ ಬಾ ಎಂದಾಗ ಅವಳು ಬೇಡವೆನ್ನುತ್ತಾಳೆ. ಕಥೆ ಅಲ್ಲಿಗೆ ಮುಗಿಯುತ್ತದೆ.

ಸತ್ಯಜಿತ್ ರೇ 1964ರಲ್ಲಿ ಇದೇ ಕಥೆಯನ್ನು ‘ಚಾರುಲತಾ’ ಮಾಡಿದಾಗ ಮೈಸೂರನ್ನು ಕೈಬಿಟ್ಟರು. ಚಿತ್ರದ ಭೂಪತಿ, ಅಮಲನ ಪತ್ರ ಬಂದ ದಿನ ಹೆಂಡತಿ ಬಿಕ್ಕಿ ಅಳುವುದನ್ನು ಕಾಣುತ್ತಾನೆ. ಮಾತಿಲ್ಲದೆ ಕುದುರೆಗಾಡಿ ಹತ್ತಿ ಊರು ಸುತ್ತುತ್ತಾನೆ. ಕತ್ತಲಾದ ಮೇಲೆ ಹಿಂತಿರುಗುತ್ತಾನೆ. ಬಾಗಿಲು ತೆರೆದ ಚಾರು ಅವನನ್ನು ಒಳಗೆ ಕರೆದು ಕೈ ಚಾಚುತ್ತಾಳೆ. ಅವನ ಕೈಯೂ ಅಳುಕುತ್ತಲೇ ಮುಂದೆ ಬರುತ್ತದೆ. ಎರಡು ಕೈಗಳು ಇನ್ನೇನು ಸೇರಬೇಕು, ಚಿತ್ರ ಅಲ್ಲೇ ನಿಂತುಬಿಡುತ್ತದೆ. ಬಳಿಕ ಬರುವುದೆಲ್ಲ ನಿಶ್ಚಲ ಚಿತ್ರಗಳು: ಅರ್ಧ ಬೆಳಕಿನಲ್ಲಿ ಅವಳ ಮುಖ, ಅವನ ಮುಖ, ದೀಪ ಹಿಡಿದ ಮನೆಯಾಳು, ದೂರದಿಂದ ಕಾಣುವ ಇಡೀ ವರಾಂಡ. ಅದರ ಮೇಲೆ ಠಾಕೂರರ ಕಥೆಯ ಹೆಸರು, ಬಂಗಾಳಿ ಅಕ್ಷರದಲ್ಲಿ.

ಅವರು ಒಂದಾದರೇ, ಇಲ್ಲವೇ? 60 ವರ್ಷಗಳಿಂದ ನೋಡುಗರು ಕೇಳುತ್ತಿರುವ ಪ್ರಶ್ನೆ ಇದು.

ಓಡುವ ಚಿತ್ರವನ್ನು ಹೀಗೆ ನಿಲ್ಲಿಸುವ ಕ್ರಮಕ್ಕೆ ‘ಫ್ರೀಜ್ ಫ್ರೇಮ್’ ಎನ್ನುತ್ತಾರೆ. ರೀಲಿನಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಅದರಲ್ಲಿ ಒಂದನ್ನೇ ಆರಿಸಿ, ಲ್ಯಾಬಿನ ಆಪ್ಟಿಕಲ್ ಪ್ರಿಂಟರಿನಲ್ಲಿ ಹೊಸ ಫಿಲ್ಮಿನ ಮೇಲೆ ಮತ್ತೆಮತ್ತೆ ಅಚ್ಚು ಹಾಕಿದರೆ ತೆರೆಯ ಮೇಲೆ ಚಲನೆ ಸತ್ತಂತೆ ಕಾಣುತ್ತದೆ. ಉಪಾಯ ಹಳೆಯದೇ. ಅದನ್ನು ಕೊನೆಯ ದೃಶ್ಯಕ್ಕೆ ತಂದು ಜಗತ್ತಿನ ಗಮನ ಸೆಳೆದದ್ದು ಫ್ರಾನ್ಸಿನ ಫ್ರಾಂಸ್ವಾ ತ್ರುಫೋ ಅವರ 1959ರ ‘ದ 400 ಬ್ಲೋಸ್’. ಬಾಲಾಪರಾಧಿಗಳ ಕೇಂದ್ರದಿಂದ ಓಡಿಬಂದ ಹುಡುಗ ಅಂತ್ವಾನ್ ಸಮುದ್ರ ಮುಟ್ಟಿ, ತಿರುಗಿ ನಮ್ಮತ್ತ ನೋಡುತ್ತಾನೆ. ಆ ನೋಟವೇ ಹೆಪ್ಪುಗಟ್ಟುತ್ತದೆ. ಮುಂದೆ ಹೋಗಲು ನೆಲವಿಲ್ಲ, ಹಿಂದೆ ಹೋಗಲು ಮನೆಯಿಲ್ಲ. ‘ಚಾರುಲತಾ’ದ ಕೊನೆಯನ್ನು ವಿಮರ್ಶಕರು ಇದರ ಪಕ್ಕದಲ್ಲಿಟ್ಟು ನೋಡುವುದು ವಾಡಿಕೆ. ನನಗಂತೂ ಎರಡರ ಕೆಲಸ ಬೇರೆಬೇರೆ ಅನ್ನಿಸುತ್ತದೆ. ತ್ರುಫೋ ಒಬ್ಬ ಹುಡುಗನನ್ನು ನಿಲ್ಲಿಸಿದರು. ರೇ ಇಬ್ಬರ ನಡುವಿನ ಅಂತರವನ್ನು ನಿಲ್ಲಿಸಿದರು.

ಆ ಅಂತರ ಎಲ್ಲಿಂದ ಬಂತು? ಬಂಗಾಳದಲ್ಲಿ ಕೆಲವರು ರೇ ಅವರು ಠಾಕೂರರ ಕಥೆಗೆ ನಿಷ್ಠರಾಗಿಲ್ಲ ಎಂದು ಆಕ್ಷೇಪಿಸಿದರು. ರೇ ದೀರ್ಘ ಲೇಖನ ಬರೆದು ತಮ್ಮ ಬದಲಾವಣೆಗಳನ್ನು ಸಮರ್ಥಿಸಿಕೊಂಡರು. ಆದರೆ ಆ ಅಂತರ ಮೂಲದಲ್ಲೇ ಇದೆ, ಕಥೆಯ ಕೊನೆಯನ್ನು ಇನ್ನೊಮ್ಮೆ ಓದಿ ನೋಡಿ. ಅಲ್ಲಿ ಇಬ್ಬರೂ ಕರೆಯುತ್ತಾರೆ, ಆದರೆ ಒಂದೇ ಹೊತ್ತಿಗಲ್ಲ. ಅವಳು ಬೇಡಿದಾಗ ಅವನಿಗೆ ಮನಸ್ಸಿಲ್ಲ. ಅವನು ಮನಸ್ಸು ಮಾಡಿದಾಗ ಅವಳಿಗೆ ಬೇಡ. ಬರವಣಿಗೆಯಲ್ಲಿ ಹೊತ್ತು ತಪ್ಪಿದ್ದು ಸಿನಿಮಾದಲ್ಲಿ ಕೆಲವೇ ಅಂಗುಲಗಳ ಜಾಗವಾಗಿದೆ. ಎರಡು ಕರೆಗಳು ಎರಡು ಕೈಗಳಾಗಿವೆ. ಮೂಲಕ್ಕೆ ಇದಕ್ಕಿಂತ ಹತ್ತಿರವಾದ ಮುಕ್ತಾಯವನ್ನು ನಾನಂತೂ ಊಹಿಸಲಾರೆ.

ಸಿನಿಮಾದ ಒಳಗೂ ಇದರ ಬೇರು ಇದೆ, ಅದೂ ಮೊದಲ ನಿಮಿಷಗಳಲ್ಲೇ. ಮಧ್ಯಾಹ್ನದ ಮನೆಯಲ್ಲಿ ಒಂಟಿ ಚಾರು. ಮಾಧವಿ ಮುಖರ್ಜಿ ಆ ಪಾತ್ರದಲ್ಲಿ ಮಾತೇ ಇಲ್ಲದೆ ನಡೆಯುತ್ತ, ಪುಸ್ತಕ ತೆಗೆಯುತ್ತ, ಇಡುತ್ತ ಇದ್ದಾರೆ. ಹಿಡಿ ಇರುವ ಪುಟ್ಟ ದುರ್ಬೀನು ತೆಗೆದುಕೊಂಡು ಕಿಟಕಿಯಿಂದ ಕಿಟಕಿಗೆ ಓಡಿ ಬೀದಿಯ ಜನರನ್ನು ನೋಡುತ್ತಾಳೆ. ಅಷ್ಟರಲ್ಲಿ ಗಂಡ ಪುಸ್ತಕದಲ್ಲಿ ಮುಳುಗಿ, ಕೈಗೆ ಎಟಕುವಷ್ಟು ಹತ್ತಿರದಲ್ಲೇ ಹಾದುಹೋಗುತ್ತಾನೆ, ಅವಳನ್ನು ಗಮನಿಸುವುದೂ ಇಲ್ಲ. ಅವಳು ದುರ್ಬೀನನ್ನು ಅವನ ಕಡೆ ತಿರುಗಿಸುತ್ತಾಳೆ. ಬೀದಿಯ ಅಪರಿಚಿತರನ್ನು ನೋಡಿದ ಹಾಗೆಯೇ ಗಂಡನನ್ನೂ ನೋಡುತ್ತಾಳೆ. ಕೊನೆಯಲ್ಲಿ ಕೈಗಳ ನಡುವೆ ಉಳಿದ ಜಾಗವನ್ನು ರೇ ಇಲ್ಲೇ ಅಳೆದಿಟ್ಟಿದ್ದಾರೆ.

ಹಾಗಾಗಿ ಅವರು ಒಂದಾದರೋ ಇಲ್ಲವೋ ಎಂಬ ಗುಟ್ಟನ್ನು ನಿರ್ದೇಶಕರು ಮುಚ್ಚಿಟ್ಟಿದ್ದಾರೆ ಎಂದು ಹುಡುಕುವುದು ವ್ಯರ್ಥ. ಚಾಚಿದ ಕೈ ಕೂಡುವಿಕೆಯ ಕಡೆ ಎಳೆಯುತ್ತದೆ. ‘ನಷ್ಟನೀಡ್’, ಅಂದರೆ ಒಡೆದ ಗೂಡು, ಎನ್ನುವ ಕಥೆಯ ಶೀರ್ಷಿಕೆ ಅದನ್ನು ಹಿಂದಕ್ಕೆಳೆಯುತ್ತದೆ. ಇಬ್ಬರೂ ಅದೇ ಮನೆಯಲ್ಲಿ ಬದುಕುತ್ತಾರೆ, ಆದರೆ ತಿಳಿಯದೆ ಬದುಕಿದ್ದ ಮೊದಲಿನ ಸಂಸಾರ ಇನ್ನಿಲ್ಲ, ಇದು ನನ್ನ ಓದು. ಅಮಲನನ್ನು ಹೆಚ್ಚು ಪ್ರೀತಿಸಿದವರಿಗೆ ಬೇರೆ ಕಾಣಬಹುದು. ಆದರೆ ಯಾವ ಓದಿಗೂ ಚಿತ್ರದೊಳಗೇ ಆಧಾರ ಬೇಕು.

ಕನ್ನಡದ ಓದುಗರಿಗೆ ಇಂಥ ಕೊನೆ ಹೊಸದೇನಲ್ಲ. ‘ಚಾರುಲತಾ’ ಬಂದ ಮರುವರ್ಷ, 1965ರಲ್ಲಿ, ಅನಂತಮೂರ್ತಿಯವರ ‘ಸಂಸ್ಕಾರ’ ಪ್ರಕಟವಾಯಿತು. ದೂರ್ವಾಸಪುರಕ್ಕೆ ಹಿಂತಿರುಗುತ್ತಿರುವ ಪ್ರಾಣೇಶಾಚಾರ್ಯರನ್ನು ಕಾದಂಬರಿ ದಾರಿಯಲ್ಲೇ ಬಿಡುತ್ತದೆ. ಅಗ್ರಹಾರದಲ್ಲಿ ಮುಂದೇನಾಯಿತು ಎಂದು ನಾವೆಲ್ಲ ವಾದಿಸಿದ್ದೇವೆ.

ರೇ ಈ ಚಿತ್ರಕ್ಕಾಗಿ 1965ರಲ್ಲಿ ಬರ್ಲಿನ್ ಚಿತ್ರೋತ್ಸವದ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಪಡೆದರು. ತಮ್ಮ ಚಿತ್ರಗಳಲ್ಲಿ ಅತಿ ಕಡಿಮೆ ದೋಷಗಳಿರುವುದು ಇದರಲ್ಲೇ ಎಂದು ಅವರೇ ಹೇಳುತ್ತಿದ್ದರು. ಕೊನೆಯ ದೃಶ್ಯದ ತುಣುಕನ್ನಷ್ಟೇ ಮೊಬೈಲಿನಲ್ಲಿ ನೋಡಿ ಅರ್ಥ ಹೇಳಲು ಹೊರಡಬೇಡಿ. ಎರಡು ಗಂಟೆ ಬಿಡುವು ಮಾಡಿಕೊಂಡು, ದುರ್ಬೀನಿನ ಆ ಮಧ್ಯಾಹ್ನದಿಂದಲೇ ನೋಡಿ.