ಛಾಯಾಚಿತ್ರದ ಅಂಗಡಿಯೂ ಕಲಿಕೆಗೆ ಕೊಟ್ಟ ಹಣವೂ

ಛಾಯಾಚಿತ್ರದ ಅಂಗಡಿಯನ್ನಿಟ್ಟಿರುವವರು ಹೊಸ ಕ್ಯಾಮೆರಾವನ್ನು ಕೊಳ್ಳುವುದಕ್ಕಾಗಿ ಸಾಲಮಾಡಲು ಹಿಂಜರಿಯುವುದಿಲ್ಲ. ಲೆನ್ಸಿಗಾಗಿ ಮನೆಯಾಕೆಯ ಬಳೆಗಳನ್ನು ಗಿರವಿಯಿಡಲೂ ಹಿಂಜರಿಯುವುದಿಲ್ಲ. ಆದರೆ ಅದೇ ಕಸಬನ್ನು ಬಲ್ಲವರಿಂದ ಇನ್ನಷ್ಟು ಕಲಿಯುವುದಕ್ಕಾಗಿ ಹತ್ತು ಸಾವಿರ ರೂಪಾಯಿ ಕೊಡಬೇಕೆಂದರೆ ಮಾತ್ರ, ಅದು ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆಂದು ಭಾವಿಸುವರು. ಕ್ಯಾಮೆರಾ ಕೈಗೆ ಸಿಕ್ಕುವ ವಸ್ತು, ಬೀರುವಿನಲ್ಲಿ ಕಾಣುತ್ತದೆ, ಕಲಿತದ್ದು ಕಾಣುವುದಿಲ್ಲ. ಇದೇ ಕಾರಣವಿರಬೇಕು.

ಶಬ್ದರೂಪಗಳನ್ನೂ ಅಮರಕೋಶವನ್ನೂ ಹೇಳಿಕೊಟ್ಟು ಆಯುಷ್ಯ ಕಳೆದವರಿಗೆ ಈ ವಿಷಯದ ಗೊಡವೆಯೇಕೆಂದು ವಾಚಕರು ಕೇಳಬಹುದು. ನಮ್ಮಲ್ಲಿ ಓದಿದ ಒಬ್ಬಾತನು ಹಾಸನ ಜಿಲ್ಲೆಯ ತಾಲ್ಲೂಕು ಪೇಟೆಯೊಂದರಲ್ಲಿ ತಂದೆಯ ಕಾಲದ ಸ್ಟುಡಿಯೋವನ್ನು ನಡೆಸುತ್ತಿರುವನು. ೨೦೨೩ರ ಜ್ಯೇಷ್ಠಮಾಸದಲ್ಲಿ ಒಂದು ಸಂಜೆ ಆತನು ಪತ್ನೀಸಮೇತನಾಗಿ ನಮ್ಮ ಮನೆಗೆ ಬಂದನು. ಕಾಫಿಯಾದ ಮೇಲೆ, “ಮೇಷ್ಟ್ರೇ, ಹೊಸ ಕ್ಯಾಮೆರಾ ತೆಗೆದುಕೊಳ್ಳಲೋ, ಕೋಚಿಂಗಿಗೆ ಸೇರಲೋ, ನೀವೇ ಹೇಳಬೇಕು” ಎಂದನು. ಕ್ಯಾಮೆರಾದ ಬೆಲೆ ೧,೬೦,೦೦೦ ರೂಪಾಯಿ. ಆರು ತಿಂಗಳ ಕೋಚಿಂಗಿಗೆ ೯೦,೦೦೦. ಅದನ್ನು ನಡೆಸುವಾತನು ವ್ಯಾಪಾರವನ್ನು ಮೂರು ಪಾಲು ಮಾಡಿಕೊಡುವುದಾಗಿ ಮೊಬೈಲಿನಲ್ಲಿ ಆಶ್ವಾಸನವಿತ್ತಿದ್ದನಂತೆ. ಆಕೆಯ ಕೈಯಲ್ಲಿ ಗಾಜಿನ ಬಳೆಗಳು ಮಾತ್ರ ಇದ್ದುವು. ಚಿನ್ನದವು ಹಿಂದಿನ ಕ್ಯಾಮೆರಾದ ಮುಂಗಡಕ್ಕಾಗಿ ಬ್ಯಾಂಕು ಸೇರಿದ್ದುವೆಂದು ಆಮೇಲೆ ತಿಳಿಯಿತು.

“ನಿನ್ನ ತಂದೆ ಕಸಬನ್ನು ಎಷ್ಟು ಸಲ ಕಲಿತರು?” ಎಂದು ನಾವು ಕೇಳಿದೆವು. ಆತನು ಬೆರಳು ಮಡಿಸಿ ಎಣಿಸಿದನು. ಮೊದಲು ಕೆಂಪು ದೀಪದ ಕತ್ತಲೆ ಕೋಣೆಯಲ್ಲಿ ಫಿಲ್ಮು ತೊಳೆಯುವುದು, ನೆಗೆಟಿವಿನ ಮೇಲೆ ಸೀಸದ ಕಡ್ಡಿಯಿಂದ ಮುಖದ ಕಲೆಗಳನ್ನು ತಿದ್ದುವುದು. ಅನಂತರ ಬಣ್ಣದ ಫಿಲ್ಮು. ಆಮೇಲೆ ಮದುವೆಯ ವಿಡಿಯೋ. ಕಡೆಗೆ, ಐವತ್ತು ದಾಟಿದ ಮೇಲೆ, ಗಣಕಯಂತ್ರ. ಒಂದೊಂದನ್ನೂ ಆ ಹಿರಿಯರು ಯಾರದೋ ಅಂಗಡಿಯಲ್ಲಿ ಕುಳಿತು, ದಕ್ಷಿಣೆ ಕೊಟ್ಟೋ ಕೆಲಸ ಮಾಡಿಕೊಟ್ಟೋ ಕಲಿತಿದ್ದರು. ಮಗನಾದರೋ ತಂದೆಯಿಂದ ಒಮ್ಮೆ ಕಲಿತು ಅಲ್ಲಿಗೇ ನಿಂತಿದ್ದನು. ಆ ಮೇಲಿನ ಹದಿನೈದು ವರ್ಷಗಳಲ್ಲಿ ಆತನು ಬದಲಾಯಿಸಿದ್ದು ಯಂತ್ರಗಳನ್ನು ಮಾತ್ರ.

ಈ ಉದ್ಯಮದಲ್ಲಿ ನಿಂತವರಿಗೆ ನೆಲೆಯಿಲ್ಲ. ೧೮೮೮ರಲ್ಲಿ ಜಾರ್ಜ್ ಈಸ್ಟ್‌ಮನ್ನನು ಕೊಡಾಕ್ ಎಂಬ ಸುಲಭದ ಕ್ಯಾಮೆರಾವನ್ನು ಮಾರಾಟಕ್ಕಿಟ್ಟು ಚಿತ್ರ ತೆಗೆಯುವ ಕೆಲಸವನ್ನು ಮನೆಮನೆಗೆ ತಂದನು. ಅದೇ ಕಂಪೆನಿಯ ಸ್ಟೀವನ್ ಸ್ಯಾಸನ್ ಎಂಬ ತರುಣ ಇಂಜಿನಿಯರನು ೧೯೭೫ರಲ್ಲಿ ಫಿಲ್ಮಿಲ್ಲದೆ ಚಿತ್ರ ಹಿಡಿಯುವ ಯಂತ್ರವನ್ನು ನಿರ್ಮಿಸಿದನು. ಆದರೂ ಆ ಕಂಪೆನಿಯು ೧೯೩೫ರಿಂದ ಮಾರುತ್ತಿದ್ದ ಪ್ರಸಿದ್ಧವಾದ ಕೊಡಾಕ್ರೋಮ್ ಫಿಲ್ಮನ್ನು ೨೦೦೯ರಲ್ಲಿ ನಿಲ್ಲಿಸಬೇಕಾಗಿ ಬಂದು, ೨೦೧೨ರ ಜನವರಿಯಲ್ಲಿ ಸಾಲಗಾರರಿಂದ ರಕ್ಷಣೆ ಬೇಡಿ ನ್ಯಾಯಾಲಯದ ಮೆಟ್ಟಿಲೇರಿತು. ಹೊಸದು ತನ್ನ ಮನೆಯಲ್ಲಿಯೇ ಹುಟ್ಟಿದ್ದರೂ ಅದನ್ನು ನೆಚ್ಚಿ ಬದುಕುವ ಬಗೆಯು ಅದಕ್ಕೆ ಸಕಾಲದಲ್ಲಿ ತಿಳಿಯಲಿಲ್ಲ. ಅಷ್ಟು ದೊಡ್ಡವರ ಪಾಡೇ ಹೀಗಾದ ಮೇಲೆ ತಾಲ್ಲೂಕು ಪೇಟೆಯ ಅಂಗಡಿಯ ಮಾತೇನು?

ಮೈಸೂರಿನಲ್ಲಿ ೧೯೨೩ರಲ್ಲಿ ಹುಟ್ಟಿದ ವಿ. ಕೆ. ಮೂರ್ತಿಯವರ ಹೆಸರನ್ನು ಆತನಿಗೆ ನೆನಪುಮಾಡಿದೆವು. ಅವರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣವನ್ನು ಕಲಿತು ೧೯೪೬ರಲ್ಲಿ ಡಿಪ್ಲೊಮಾ ಪಡೆದರು. ಕೈಯಲ್ಲಿ ಡಿಪ್ಲೊಮಾ ಇದ್ದಾಗ್ಯೂ ಮುಂಬಯಿಯಲ್ಲಿ ಬಹುಕಾಲ ಇತರರ ಕೈಕೆಳಗೆ ಸಹಾಯಕರಾಗಿಯೇ ಇದ್ದರು. ೧೯೫೧ರ ‘ಬಾಜಿ’ ಚಿತ್ರದಲ್ಲಿಯೂ ಅವರು ಸಹಾಯಕರೇ. ಮರುವರ್ಷ ‘ಜಾಲ್’ ಚಿತ್ರದಲ್ಲಿ ಕ್ಯಾಮೆರಾ ಅವರ ವಶವಾಯಿತು. ಮುಂದೆ ೨೦೦೮ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯು ಬಂದದ್ದು ಇವರಿಗೇ. ಅದನ್ನು ಪಡೆದ ಮೊದಲನೆಯ ಛಾಯಾಗ್ರಾಹಕರು ಇವರು.

ಆದರೆ ಕಲಿಕೆಯು ಒಳ್ಳೆಯದೆಂದ ಮಾತ್ರಕ್ಕೆ ಕೇಳಿದವರಿಗೆಲ್ಲ ಹಣವನ್ನೊಪ್ಪಿಸಲಾಗದು. ಹಿಂದಿನ ವರ್ಷ ಈ ದಂಪತಿಗಳು ಬೆಂಗಳೂರಿನ ಹೋಟಲೊಂದರಲ್ಲಿ ನಡೆದ ಒಂದು ದಿನದ ಶಿಬಿರಕ್ಕೆ ೧೮,೦೦೦ ರೂಪಾಯಿ ತೆತ್ತಿದ್ದರು. ಮುನ್ನೂರು ಜನ, ಕಿವಿಗಡಚಿಕ್ಕುವ ಸಂಗೀತ, ಮಧ್ಯಾಹ್ನದವರೆಗೆ ಉಪದೇಶಕನ ಆತ್ಮಚರಿತ್ರೆ, ಊಟದ ಮೇಲೆ ಮುಂದಿನ ಶಿಬಿರದ ಟಿಕೆಟ್ಟಿನ ಮಾರಾಟ. ಇವರ ಒಂದು ಚಿತ್ರವನ್ನಾಗಲಿ ಲೆಕ್ಕದ ಒಂದು ಪುಟವನ್ನಾಗಲಿ ಯಾರೂ ನೋಡಲಿಲ್ಲ. ಶಿಷ್ಯನ ತಪ್ಪನ್ನು ನೋಡದೆ ಪಾಠ ಹೇಳುವವನು ಉಪಾಧ್ಯಾಯನಲ್ಲವೆಂಬುದು ನಮ್ಮ ವೃತ್ತಿಯ ಅನುಭವ. ತಿದ್ದಿದ ಪುಸ್ತಕದಲ್ಲಿಯೇ ಅರ್ಧ ವಿದ್ಯೆಯಿರುವುದು. ಆದಕಾರಣ ಹೊಸ ಗುರುವನ್ನು ಎರಡು ಪ್ರಶ್ನೆ ಕೇಳೆಂದು ಹೇಳಿ ಕಳುಹಿಸಿದೆವು: ನೀವು ಈಗಲೂ ಈ ಕಸಬಿನಿಂದಲೇ ಜೀವಿಸುತ್ತಿರುವಿರೋ, ಅಥವಾ ಕಲಿಸುವುದರಿಂದಲೋ? ನನ್ನ ಕೆಲಸವನ್ನು ಕೂತು ನೋಡುವಿರೋ? ಮೊಬೈಲಿನ ಮಹಾಶಯನು ಎರಡಕ್ಕೂ ಉತ್ತರ ಕೊಡಲಿಲ್ಲ. ದರವನ್ನು ಮಾತ್ರ ಇಳಿಸಿದನು.

ಕಡೆಗೆ, ಮೈಸೂರಿನಲ್ಲಿ ಮೂವತ್ತು ವರ್ಷದಿಂದ ಸ್ಟುಡಿಯೋ ನಡೆಸುತ್ತಿದ್ದ ಹಿರಿಯರೊಬ್ಬರು ಆರು ಬೈಠಕ್ಕುಗಳಿಗೆ ೩೦,೦೦೦ ರೂಪಾಯಿಗೆ ಒಪ್ಪಿದರು. ಆಷಾಢದಲ್ಲಿ ಮದುವೆಗಳಿಲ್ಲವಷ್ಟೆ, ಇಬ್ಬರೂ ಬಸ್ಸಿನಲ್ಲಿ ಹೋಗಿ ಬರುವುದೆಂದು ನಿಶ್ಚಯವಾಯಿತು. ಆಕೆಯು ಬಿ.ಕಾಂ. ಓದಿದವಳು, ಆದರೂ ಅಂಗಡಿಯ ಲೆಕ್ಕವನ್ನು ಆಕೆಗೆ ತೋರಿಸಬೇಕೆಂದು ಆತನಿಗೆ ಅದುವರೆಗೆ ತೋಚಿರಲಿಲ್ಲ.

ಮೊದಲನೆಯ ದಿನ ಆ ಹಿರಿಯರು ಚಿತ್ರಗಳನ್ನು ಕೇಳಲಿಲ್ಲ, ಲೆಕ್ಕದ ಪುಸ್ತಕವನ್ನು ಕೇಳಿದರು. ಪುಸ್ತಕವೇ ಇರಲಿಲ್ಲವಾಗಿ, ಒಂದು ಹಾಳೆಯ ಮೇಲೆ ಬರೆಸಿದರು. ಎರಡು ದಿನದ ಮದುವೆಗೆ ಆತನು ತೆಗೆದುಕೊಳ್ಳುತ್ತಿದ್ದುದು ೭೫,೦೦೦. ಅದರಲ್ಲಿ ಎರಡನೆಯ ಕ್ಯಾಮೆರಾದವನಿಗೂ ವಿಡಿಯೋದವನಿಗೂ ೧೮,೦೦೦, ಆಲ್ಬಮ್ಮುಗಳಿಗೆ ೧೬,೦೦೦, ವಿಡಿಯೋ ಎಡಿಟಿಂಗಿಗೆ ೧೦,೦೦೦, ಕಾರು ಊಟಗಳಿಗೆ ೫,೦೦೦. ಒಟ್ಟು ೪೯,೦೦೦ ಹೋಗಿ ಉಳಿಯುವುದು ೨೬,೦೦೦. ಇಷ್ಟನ್ನು ಆತನೂ ಬಲ್ಲ. ಅಂಗಡಿಯ ಬಾಡಿಗೆ, ಹುಡುಗನ ಸಂಬಳ, ವಿದ್ಯುತ್ತು, ಕ್ಯಾಮೆರಾದ ಕಂತು, ಇವೆಲ್ಲ ಸೇರಿ ತಿಂಗಳಿಗೆ ೪೪,೦೦೦, ಎಂದರೆ ವರ್ಷಕ್ಕೆ ೫,೨೮,೦೦೦ ಆಗುವುದನ್ನೂ ಆತನು ಬಲ್ಲ. ಇವೆರಡನ್ನೂ ಒಂದೇ ಹಾಳೆಯಲ್ಲಿ ಎಂದೂ ಬರೆದಿರಲಿಲ್ಲ. ವರ್ಷಕ್ಕೆ ೨೪ ಮದುವೆಗಳು. ಒಂದೊಂದರ ತಲೆಯ ಮೇಲೆ ೨೨,೦೦೦ ರೂಪಾಯಿ ಅಂಗಡಿಯ ಖರ್ಚು. ಎರಡು ದಿನ ನಿಂತು, ಹತ್ತು ರಾತ್ರಿ ಚಿತ್ರಗಳನ್ನು ಆರಿಸಿ ತಿದ್ದಿ, ಆತನಿಗೆ ದಕ್ಕುತ್ತಿದ್ದುದು ೪,೦೦೦, ವರ್ಷವಿಡೀ ೯೬,೦೦೦. ಪಾಸ್‌ಪೋರ್ಟ್ ಚಿತ್ರಗಳ ಚಿಲ್ಲರೆ ಕಾಸಿನಿಂದ ಮನೆಗೆ ದಿನಸಿ ಬರುತ್ತಿದ್ದುದರಿಂದ ಈ ಸಂಗತಿಯು ಮರೆಯಾಗಿತ್ತು. ಹೊಸ ಕ್ಯಾಮೆರಾ ಬಂದಿದ್ದರೆ ಅದರ ಕಂತು ಆ ೪,೦೦೦ವನ್ನೂ ನುಂಗುತ್ತಿತ್ತು. ಅಂದು ಮೈಸೂರಿನಿಂದ ಹಿಂತಿರುಗುವಾಗ ಬಸ್ಸಿನಲ್ಲಿ ಇಬ್ಬರೂ ಮಾತಾಡಲಿಲ್ಲವೆಂದು ಆಕೆ ಹೇಳಿದಳು.

ಉಳಿದ ಬೈಠಕ್ಕುಗಳಲ್ಲಿ ಚಿತ್ರಗಳ ಪರೀಕ್ಷೆಯೂ ನಡೆಯಿತು. ಧಾರೆಯ ಹೊತ್ತಿನಲ್ಲಿ ಎಲ್ಲ ಚಿತ್ರಗಳೂ ವೇದಿಕೆಯ ಮುಂದಿನ ಒಂದೇ ಸ್ಥಳದಿಂದ ತೆಗೆದವು. ಹೆಣ್ಣಿನ ತಾಯಿಯ ಮುಖವೇ ಯಾವುದರಲ್ಲಿಯೂ ಇಲ್ಲ. ದೀಪವನ್ನು ಮುಖಕ್ಕೆ ನೇರವಾಗಿ ಹೊಡೆಯದೆ ಪಕ್ಕದಿಂದ ತರುವ ಬಗೆ, ಬರವಣಿಗೆಯಲ್ಲಿ ಕರಾರು ಮಾಡಿಕೊಳ್ಳುವ ಬಗೆ, ಆಲ್ಬಮ್ಮನ್ನು ಹೇಳಿದ ದಿನಕ್ಕೆ ಕೊಡುವ ಬಗೆ, ಬೆಲೆಯನ್ನು ಹೇಳಿದ ಮೇಲೆ ಸುಮ್ಮನಿರುವ ಬಗೆ, ಇವನ್ನೆಲ್ಲ ಅಭ್ಯಾಸ ಮಾಡಿಸಿದರು. ಕೊನೆಯದೇ ಅತಿ ಕಷ್ಟದ ಪಾಠವಾಯಿತಂತೆ.

ಬೆಲೆಯು ೯೫,೦೦೦ಕ್ಕೆ ಏರಿತು. ಆ ಮೇಲಿನ ಮೂರು ತಿಂಗಳು ಒಬ್ಬರೂ ಮುಂಗಡ ಕೊಡಲಿಲ್ಲ. ಸೋದರಮಾವನ ಮಗನೊಬ್ಬನು ಎದುರಿನ ಅಂಗಡಿಗೆ ಹೋಗಿ, ಬಂಧುತ್ವಕ್ಕೂ ಬೆಲೆಯಿಲ್ಲವಾಯಿತೆಂದು ಮದುವೆಯ ಮನೆಯಲ್ಲಿಯೇ ಆಡಿಕೊಂಡನು. ಹಳೆಯ ದರಕ್ಕೆ ಮರಳೋಣವೆಂದು ಆತನು ಎರಡು ಸಲ ನಮ್ಮಲ್ಲಿಗೆ ಬಂದನು. ನಮಗೂ ಒಳಗೊಳಗೆ ಅಳುಕಿತ್ತು. ತಡೆದವಳು ಆಕೆ. ೨೦೨೪ರ ಲೆಕ್ಕವನ್ನು ಆಕೆಯೇ ತಂದು ತೋರಿಸಿದಳು: ಮದುವೆಗಳು ೨೪ರಿಂದ ೧೯ಕ್ಕೆ ಇಳಿದಿದ್ದುವು, ಖರ್ಚೆಲ್ಲ ಕಳೆದು ಉಳಿದದ್ದು ೩,೪೬,೦೦೦. ಬಳೆಗಳು ಮನೆಗೆ ಬಂದಿದ್ದುವು. ಕ್ಯಾಮೆರಾ ಹಳೆಯದೇ ಇದ್ದಿತು.

ಇಲ್ಲಿ ಗೃಹಸ್ಥರಾದ ವಾಚಕರಿಗೂ ಒಂದು ಮಾತು. ಮಗಳ ಮದುವೆಗೆ ಛಾಯಾಗ್ರಾಹಕನನ್ನು ಗೊತ್ತುಮಾಡುವಾಗ ಐದು ಸಾವಿರಕ್ಕೆ ಜಗ್ಗಾಡುವ ನಾವು, ಅದು ಆತನ ಯಾವ ಪಾಲಿನಿಂದ ಕಳೆಯುವುದೆಂದು ಯೋಚಿಸುವುದಿಲ್ಲ. ಜಗ್ಗುವುದಾದರೆ ಆಲ್ಬಮ್ಮಿನ ಹಾಳೆಗಳನ್ನು ಕಡಿಮೆಮಾಡಿರೆಂದು ಕೇಳಬಹುದು. ಅದು ಇಬ್ಬರಿಗೂ ನ್ಯಾಯ.

ಎಲ್ಲ ಕಲಿಕೆಗೂ ಮೂವತ್ತು ಸಾವಿರ ಬೇಕಾಗಿಲ್ಲ. ಆಚಾರ್ಯನಿಂದ ಬರುವುದು ಕಾಲುಪಾಲೆಂದೂ ಜೊತೆಯವರಿಂದಲೂ ಒಂದು ಪಾಲು ಬರುವುದೆಂದೂ ನಮ್ಮ ಹಿರಿಯರು ಎಣಿಸಿದ್ದರು. ಬೆಂಗಳೂರಿನಲ್ಲಿ ೧೯೭೧ರಲ್ಲಿ ಸ್ಥಾಪಿತವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಘಗಳು ಇರುವುದು ಈ ಪಾಲಿಗಾಗಿಯೇ. ಅಲ್ಲಿ ಚಿತ್ರವನ್ನು ಹತ್ತು ಜನರ ಮುಂದಿಟ್ಟು ಟೀಕೆ ಕೇಳಿಸಿಕೊಳ್ಳಬೇಕು. ಹೊಗಳುವ ಬಂಧುಗಳಿಗೆ ತೋರಿಸುವುದಕ್ಕಿಂತ ಇದು ಕಷ್ಟ, ಫಲವೂ ಹೆಚ್ಚು. ಕಾಲದ ಪಾಲಿಗಾದರೋ ನಮ್ಮ ಪಂಚಾಂಗವೇ ಅನುಕೂಲವಾಗಿದೆ: ಆಷಾಢ ಒಂದು, ಧನುರ್ಮಾಸ ಒಂದು. ವರ್ಷಕ್ಕೆ ಎರಡು ಬಿಡುವುಗಳು ಯಾರ ಅಪ್ಪಣೆಯೂ ಇಲ್ಲದೆ ದೊರೆಯುತ್ತವೆ. ಆಕೆಯು ಈಗ ಪ್ರತಿಯೊಂದು ಮದುವೆಯ ಹಣದಿಂದಲೂ ೨,೦೦೦ ರೂಪಾಯಿಯನ್ನು ತೆಗೆದಿರಿಸುತ್ತಾಳೆ. ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ‘ಗುರುದಕ್ಷಿಣೆ’ ಎಂದು ತಲೆಬರಹ ಕೊಟ್ಟಿದ್ದಾಳೆ.

ಆ ಹಣವು ಮೊದಲು ಖರ್ಚಾದದ್ದು ಅಂಗಡಿಯ ಹುಡುಗನ ಮೇಲೆ. ಬಣ್ಣ ತಿದ್ದುವ ಕೆಲಸವನ್ನು ಕಲಿಯಲು ಅವನನ್ನು ಧನುರ್ಮಾಸದಲ್ಲಿ ಬೆಂಗಳೂರಿಗೆ ಕಳುಹಿಸೋಣವೆಂದು ಆಕೆ ಹೇಳಿದಾಗ ಯಜಮಾನನು ಒಪ್ಪಲಿಲ್ಲ: “ಕಲಿತು ಬಂದು ಎದುರುಗಡೆಯೇ ಅಂಗಡಿ ಹಾಕಿದರೆ?” ಹಾಕಬಹುದು. ಆತನ ತಂದೆಯಲ್ಲಿ ಕೆಲಸ ಕಲಿತ ಮೂವರು ಅದೇ ಪೇಟೆಯಲ್ಲಿ ಅಂಗಡಿ ಹಾಕಿದ್ದರು. ಹಿರಿಯರು ತೀರಿಕೊಂಡಾಗ, ಒಪ್ಪಿಕೊಂಡಿದ್ದ ನಾಲ್ಕು ಮದುವೆಗಳನ್ನು ಅಡ್ವಾನ್ಸನ್ನು ಮುಟ್ಟದೆ ನಡೆಸಿಕೊಟ್ಟವರೂ ಆ ಮೂವರೇ. ಹುಡುಗನು ಹೋಗಿ ಬಂದನು. ಸಂಬಳವನ್ನು ಎರಡು ಸಾವಿರ ಹೆಚ್ಚಿಸಬೇಕಾಯಿತು. ಎದುರುಗಡೆಯ ಮಳಿಗೆಗೆ ಈಗ ಒಬ್ಬ ದರ್ಜಿಯು ಬಂದಿದ್ದಾನೆ.